ಲೈಸೆನ್ಸ್ ಬೇಡದ ಸ್ಕೂಟರ್ ಅಂದ್ರೆ ಯಾವುದು?

ಓದುಗರ ಪ್ರಶ್ನೆಗಳಿಗೆ ಬೆಂಗಳೂರಿನ ನಿವೃತ್ತ ಮೋಟಾರು ವಾಹನ ನಿರೀಕ್ಷಕರೊಬ್ಬರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಮಗ ಹತ್ತನೇ ಕ್ಲಾಸು. ಸಂಜೆ ನಾಗರಬಾವಿಯಿಂದ ವಿಜಯನಗರಕ್ಕೆ ಟ್ಯೂಷನ್‌ಗೆ ಹೋಗಬೇಕು. ಒಂದು ಅಂಗಡಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತೋರಿಸಿ, "ಇದಕ್ಕೆ ಲೈಸೆನ್ಸ್, ನಂಬರ್ ಪ್ಲೇಟ್ ಏನೂ ಬೇಡ. ಸ್ಪೀಡ್ ಸಾಲದಿದ್ರೆ ಲಾಕ್ ತೆಗೆದುಕೊಡ್ತೀವಿ" ಅಂದರು. ಕೊಡಿಸಬಹುದಾ?
ಒಬ್ಬ ತಾಯಿ, ನಾಗರಬಾವಿ

ಉತ್ತರ: ಬೇಡ ತಾಯಿ. ಅಂಗಡಿಯವರ ಮೊದಲ ಮಾತು ನಿಜ ಇರಬಹುದು. ಎರಡನೇ ಮಾತು ಮೊದಲನೆಯದನ್ನು ಸುಳ್ಳು ಮಾಡುತ್ತದೆ.

ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಸ್ಕೂಟರ್ ಇರುವುದು ಹೌದು. ಅದರ ಮೋಟಾರು 250 ವ್ಯಾಟ್‌ಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟಬಾರದು. ಇವಿಷ್ಟೂ ಸರಿಯಿದ್ದು, ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇದ್ದರೆ, ಕಾನೂನು ಅದನ್ನು ಮೋಟಾರು ವಾಹನ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಿಜಿಸ್ಟ್ರೇಷನ್, ಡಿಎಲ್, ಇನ್ಶೂರೆನ್ಸ್ ಯಾವುದೂ ಬೇಡ. ಇಂದಿರಾನಗರ, ಕೋರಮಂಗಲದ ಕಡೆ ಡೆಲಿವರಿ ಹುಡುಗರು ಬಾಡಿಗೆಗೆ ಪಡೆದು ಓಡಿಸುವ ಯುಲು ಗಾಡಿ ಇದೇ ಜಾತಿಯದ್ದು.

ಈಗ ಆ ಲಾಕ್ ವಿಷಯ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಸೀಟಿನ ಕೆಳಗೋ ಕಾಲಿಡುವ ಜಾಗದ ಅಡಿಗೋ ಅಲ್ಯೂಮಿನಿಯಂನ ಚಪ್ಪಟೆ ಡಬ್ಬಿ ಇರುತ್ತದೆ. ಅದು ಕಂಟ್ರೋಲರ್, ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿಯಂತ್ರಿಸುವ ಸಾಧನ. ಅದರಿಂದ ಹೊರಡುವ ವೈರುಗಳ ಗೊಂಚಲಲ್ಲಿ, ಎಷ್ಟೋ ಮಾಡೆಲ್‌ಗಳಲ್ಲಿ, ಒಂದು ಸಣ್ಣ ವೈರು ಮಾತ್ರ ಸುತ್ತಿಕೊಂಡು ಬಂದು ಮತ್ತೆ ಅದಕ್ಕೇ ಸಿಕ್ಕಿಕೊಂಡಿರುತ್ತದೆ. ವೇಗಕ್ಕೆ ಕಡಿವಾಣ ಅದೇ. ಕನೆಕ್ಟರ್ ಕಿತ್ತರೆ ಮುಗಿಯಿತು, ಗಾಡಿ ನಲವತ್ತರ ಹತ್ತಿರ ಓಡುತ್ತದೆ. ಸ್ಕ್ರೂಡ್ರೈವರ್ ಹಿಡಿದವನಿಗೆ ಎರಡು ನಿಮಿಷದ ಕೆಲಸ. ಅಂಗಡಿಯವನು ಇದನ್ನು ಉಪಕಾರ ಅನ್ನುವ ಹಾಗೆ ಮಾಡಿಕೊಡುತ್ತಾನೆ. ನನಗೆ ಸಿಟ್ಟು ಬರುವುದು ಅಲ್ಲೇ.

ಜನ ನಮ್ಮನ್ನು ಬ್ರೇಕ್ ಇನ್‌ಸ್ಪೆಕ್ಟರ್ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಬ್ರೇಕಿನ ಮಾತೇ ಮೊದಲು ಹೇಳುತ್ತೇನೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ಮುಂದಕ್ಕೆ ಓಡುವ ದೂರ ಹೆಚ್ಚೂಕಡಿಮೆ ನಾಲ್ಕು ಪಟ್ಟಾಗುತ್ತದೆ. ಇಪ್ಪತ್ತೈದಕ್ಕೆ ಅಂತ ಮಾಡಿದ ಸಣ್ಣ ಬ್ರೇಕು, ತೆಳ್ಳಗಿನ ಟೈರು. ಮಳೆ ಬಂದ ರಿಂಗ್ ರೋಡು. ಪಕ್ಕದಲ್ಲಿ ಟಿಪ್ಪರ್. ಅದರ ಮೇಲೆ ಹದಿನೈದರ ಹುಡುಗ.

ಕಾನೂನಿನ ಕಡೆಯಿಂದಲೂ ಇದು ಸಣ್ಣ ವಿಷಯ ಅಲ್ಲ. ಲಾಕ್ ತೆಗೆದ ಮೇಲೆ ಅದು ರಿಜಿಸ್ಟ್ರೇಷನ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಹದಿನೆಂಟು ತುಂಬದವರು ಲೈಸೆನ್ಸ್ ಇಲ್ಲದೆ ಮೋಟಾರು ವಾಹನ ಓಡಿಸಿ ಸಿಕ್ಕಿಬಿದ್ದರೆ ಹೊಣೆ ಪೋಷಕರ ಮೇಲೆ. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗಾಡಿಯನ್ನು ಮಾರ್ಪಡಿಸಿದ ಮಾಲೀಕರಿಗೆ ಬೇರೆ ಶಿಕ್ಷೆ ಇದೆ. ಇಷ್ಟೆಲ್ಲಕ್ಕಿಂತ ಭಾರದ್ದು ಇನ್ನೊಂದು. ಯಾರಿಗಾದರೂ ಡಿಕ್ಕಿ ಹೊಡೆದು ಪೆಟ್ಟಾದರೆ ಪರಿಹಾರ ಕೊಡಲು ವಿಮಾ ಕಂಪನಿ ಇರುವುದಿಲ್ಲ, ನೀವೇ ಕೊಡಬೇಕು. ಇದಕ್ಕಾಗಿ ಮನೆಯವರು ಸೈಟು ಮಾರಬೇಕಾಗಿ ಬಂದರೂ ಆಶ್ಚರ್ಯ ಇಲ್ಲ.

ಲಾಕ್ ತೆಗೆಯದೆ ಕೊಂಡರೆ? ಕಾನೂನು ಅಡ್ಡ ಬರುವುದಿಲ್ಲ. ಆದರೆ ನಾಗರಬಾವಿ ರಿಂಗ್ ರೋಡಿನಲ್ಲಿ ಸಂಜೆ ಹೊತ್ತು ಇಪ್ಪತ್ತೈದರಲ್ಲಿ ಹೋಗುವ ಗಾಡಿಗೆ ಬಸ್ಸು, ಲಾರಿ ಎಲ್ಲ ಹಿಂದಿನಿಂದಲೇ ಬರುತ್ತಿರುತ್ತವೆ. ನನ್ನ ಮೊಮ್ಮಗನಿಗಾದರೆ ಕೊಡಿಸುವುದಿಲ್ಲ. ಒಳರಸ್ತೆಯಲ್ಲಿ ಸೈಕಲ್, ಇಲ್ಲವೇ ಅದೇ ಟ್ಯೂಷನ್‌ನ ಮೂರ್ನಾಲ್ಕು ಮಕ್ಕಳು ಸೇರಿ ಒಂದು ಆಟೋ ಗೊತ್ತು ಮಾಡಿಕೊಳ್ಳಲಿ.

ಮನೆಯ ದೊಡ್ಡವರ ಓಡಾಟಕ್ಕೆ ಇಂಥ ಗಾಡಿ ತಗೊಳ್ಳುವುದಾದರೆ, ಪ್ರಮಾಣಪತ್ರದ ನಕಲು ಕೇಳಿ, ಅದರಲ್ಲಿರುವ ಮಾಡೆಲ್ ಹೆಸರನ್ನು ಗಾಡಿಯ ಮೇಲಿನ ಹೆಸರಿನ ಜೊತೆ ಹೋಲಿಸಿ. ಬಿಲ್ಲಿನಲ್ಲಿ ವ್ಯಾಟ್, ವೇಗ ಎರಡನ್ನೂ ಬರೆಸಿ. ಫುಲ್ ಚಾರ್ಜ್ ಇರುವಾಗ ನೇರ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ. ಇಪ್ಪತ್ತೈದು ದಾಟಿತೋ, ಅಲ್ಲೇ ಬಿಟ್ಟು ಬನ್ನಿ. ಹೆಲ್ಮೆಟ್ ಮಾತ್ರ ಯಾವ ಗಾಡಿಯಾದರೂ ಹಾಕಿಕೊಳ್ಳಿ, ಐಎಸ್‌ಐ ಗುರುತು ಇರುವುದು.

ಪ್ರಶ್ನೆ: ನಾನು ರಿಜಿಸ್ಟ್ರೇಷನ್ ಆಗಿರುವ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದೇನೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಚಾರ್ಜ್ ಮಾಡಲು ಅಸೋಸಿಯೇಷನ್ ಬಿಡುತ್ತಿಲ್ಲ. ಎರಡನೇ ಮಹಡಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಸಿದ್ದೇನೆ. ತಪ್ಪಾ?
ಓದುಗರು, ಜೆ.ಪಿ. ನಗರ

ಉತ್ತರ: ವೈರು ಇವತ್ತೇ ತೆಗೆಯಿರಿ ಸರ್. ಸ್ಕೂಟರ್ ಚಾರ್ಜರ್ ಎಳೆಯುವ ಕರೆಂಟ್ ಇಸ್ತ್ರಿ ಪೆಟ್ಟಿಗೆಗಿಂತ ಜಾಸ್ತಿ ಏನಲ್ಲ. ಆದರೆ ಇಸ್ತ್ರಿ ಹತ್ತು ನಿಮಿಷ, ಇದು ನಾಲ್ಕೈದು ಗಂಟೆ ಒಂದೇ ಸಮ. ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಪಿನ್ ಸ್ವಲ್ಪ ಸಡಿಲ ಇದ್ದರೂ ಆ ಜಾಗ ಕಾದು ಪ್ಲಾಸ್ಟಿಕ್ ಕರಗುತ್ತದೆ. ಮುಟ್ಟಿ ನೋಡಿ, ಪ್ಲಗ್ ಬಿಸಿ ಇದ್ದರೆ ಅದೇ ಎಚ್ಚರಿಕೆ.

ನಿಮ್ಮ ಹಕ್ಕಿನ ಮಾತಿಗೆ ಬಂದರೆ, ಮನೆಯ ಈಗಿನ ಕನೆಕ್ಷನ್‌ನಿಂದಲೇ ಗಾಡಿ ಚಾರ್ಜ್ ಮಾಡಬಹುದು ಅಂತ ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. ಆದರೆ ಬೇಸ್‌ಮೆಂಟಿನ ಗೋಡೆ ಎಲ್ಲರದ್ದು. ಅಲ್ಲಿ ವೈರು ಎಳೆಯಲು ಅಸೋಸಿಯೇಷನ್ ಒಪ್ಪಿಗೆ ಬೇಕೇ ಬೇಕು. ಜಗಳಕ್ಕೆ ಹೋಗದೆ ಒಂದು ಪತ್ರ ಬರೆಯಿರಿ. ನಿಮ್ಮದೇ ಮೀಟರಿನಿಂದ ಪಾರ್ಕಿಂಗ್ ಜಾಗದವರೆಗೆ ಪೈಪಿನೊಳಗೆ ತಾಮ್ರದ ವೈರು, 16 ಆಂಪಿಯರ್ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್ಚು) ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್. ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಲಿ, ಖರ್ಚು ನಿಮ್ಮದು ಅಂತ ಬರೆದುಕೊಡಿ. ಕಾಮನ್ ಕರೆಂಟ್ ಬಿಲ್ ಏರುತ್ತದೆ ಅನ್ನುವುದೇ ಅಸೋಸಿಯೇಷನ್‌ಗಳ ದೊಡ್ಡ ಆತಂಕ. ಅದು ಇಲ್ಲವಾದರೆ ಎಷ್ಟೋ ಕಡೆ ಮಾತು ಸಲೀಸಾಗುತ್ತದೆ. 3 ಕಿಲೋವ್ಯಾಟ್ ಅವರ್ ಬ್ಯಾಟರಿ ಪೂರ್ತಿ ತುಂಬಲು ಮೂರೂವರೆ ಯೂನಿಟ್ ಆಸುಪಾಸು ಸಾಕು, ಇದನ್ನೂ ಸೇರಿಸಿ.

ಬೆಂಕಿಯ ಭಯ ಎತ್ತಿದರೆ ಅದನ್ನು ತಳ್ಳಿಹಾಕಬೇಡಿ. 2022ರಲ್ಲಿ ದೇಶದಲ್ಲಿ ಹಲವು ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ್ದು ನಿಜ. ಆಮೇಲೆ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿಯಾಯಿತು. ಹೊಸ ಷರತ್ತುಗಳು 2022ರ ಡಿಸೆಂಬರ್ ಮೊದಲಲ್ಲಿ ಮತ್ತು 2023ರ ಮಾರ್ಚ್ ಕೊನೆಯಲ್ಲಿ, ಎರಡು ಹಂತದಲ್ಲಿ ಜಾರಿಗೆ ಬಂದವು. ನಿಮ್ಮ ಗಾಡಿ ಅದರ ನಂತರ ತಯಾರಾದದ್ದಾದರೆ ಪತ್ರದಲ್ಲಿ ತಿಳಿಸಿ. ಬ್ಯಾಟರಿ ಬಿಚ್ಚಿ ಮನೆಗೆ ಒಯ್ಯುವಂಥದ್ದಾದರೆ, ಹೊರಗೆ ಹೋಗುವ ಬಾಗಿಲ ಬಳಿ ಇಟ್ಟು ಚಾರ್ಜ್ ಮಾಡಬೇಡಿ. ಏನಾದರೂ ಆದರೆ ಓಡಲು ಇರುವ ದಾರಿಯೇ ಅದು ಅಲ್ವಾ.

ಪ್ರಶ್ನೆ: ಹಸಿರು ನಂಬರ್ ಪ್ಲೇಟ್ ಇರುವ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಬಹುದಾ?
ಓದುಗರು, ಕೆಂಗೇರಿ

ಉತ್ತರ: ಇಲ್ಲ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಸ್ಕೂಟರ್ ಬಿಡುವುದಿಲ್ಲ. ಪೆಟ್ರೋಲ್ ಆದರೂ ಅಷ್ಟೇ, ಎಲೆಕ್ಟ್ರಿಕ್ ಆದರೂ ಅಷ್ಟೇ. ಸರ್ವಿಸ್ ರೋಡಿನಲ್ಲಿ ಹೋಗಿ.

ಪ್ರಶ್ನೆ: ಕಾರ್ ಲೈಸೆನ್ಸ್ ಇದೆ. ಮಗಳ ಎಲೆಕ್ಟ್ರಿಕ್ ಸ್ಕೂಟರ್ ಓಡಿಸಬಹುದಾ? ಗೇರ್ ಇಲ್ಲವಲ್ಲ.
ಗೃಹಿಣಿ, ಮಲ್ಲೇಶ್ವರ

ಉತ್ತರ: ರಿಜಿಸ್ಟ್ರೇಷನ್ ಆಗಿರುವ ಸ್ಕೂಟರ್ ಆದರೆ ಓಡಿಸುವ ಹಾಗಿಲ್ಲಮ್ಮ. ಕಾರಿನ ಲೈಸೆನ್ಸ್ ದ್ವಿಚಕ್ರಕ್ಕೆ ನಡೆಯುವುದಿಲ್ಲ. ಗೇರ್ ಇಲ್ಲದ ದ್ವಿಚಕ್ರ ಅಂತ ಬೇರೆ ವರ್ಗವೇ ಇದೆ. ಲೈಸೆನ್ಸ್ ಕೆಲಸಗಳಿಗೆ ಸರ್ಕಾರ ನಡೆಸುವ ಸಾರಥಿ ಪೋರ್ಟಲ್‌ನಲ್ಲಿ ಅದನ್ನು ಸೇರಿಸಲು ಅರ್ಜಿ ಹಾಕಿ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕಿ 30 ದಿನ ಕಳೆದ ಮೇಲೆ ಆರ್‌ಟಿಒ ಟೆಸ್ಟ್. ಎಲ್ ಬೋರ್ಡ್ ಇರುವಷ್ಟು ದಿನ ಹಿಂದಿನ ಸೀಟಿನಲ್ಲಿ, ಲೈಸೆನ್ಸ್ ಇದ್ದು ಕಲಿಸುವವರನ್ನು ಬಿಟ್ಟರೆ, ಬೇರೆ ಯಾರನ್ನೂ ಕೂರಿಸಬೇಡಿ.