ಎತ್ತರದ ಹುಡುಗ ರಿಂಗ್ ಕೆಳಗೇ ನಿಲ್ಲಬೇಕೇ?

"ಕಳೆದ ಸಂಚಿಕೆಯಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ನ ಬ್ಯಾಸ್ಕೆಟ್‌ಬಾಲ್ ಆಟಗಾರ ಡರ್ಕ್ ನೋವಿಟ್ಸ್ಕಿ ಕುರಿತ ಲೇಖನ ಓದಿದೆ. ಏಳು ಅಡಿ ಎತ್ತರವಿದ್ದೂ ದೂರ ನಿಂತು ಚೆಂಡು ಎಸೆಯುತ್ತಿದ್ದವನನ್ನು ಮಹಾನ್ ಫಾರ್ವರ್ಡ್ ಎಂದು ಕರೆದಿದ್ದೀರಿ. ಐದು ಸಲ ಚಾಂಪಿಯನ್ ಆದ ಟಿಮ್ ಡಂಕನ್ ಎಲ್ಲಿ, ಒಂದೇ ಸಲ ಗೆದ್ದ ಈತ ಎಲ್ಲಿ? ಇಂಥವರನ್ನು ಹೊಗಳಿದರೆ ನಮ್ಮ ಎತ್ತರದ ಹುಡುಗರೂ ರಿಂಗ್ ಕೆಳಗೆ ಮೈ ನುಗ್ಗಿಸುವುದನ್ನು ಬಿಟ್ಟು ದೂರದಿಂದ ಹೊಡೆಯುವ ಚಾಳಿ ಕಲಿಯುತ್ತಾರೆ. ಅಂದಹಾಗೆ, 24 ಫ್ರೀ ಥ್ರೋಗಳಲ್ಲಿ 24ನ್ನೂ ಹಾಕಿದ ಎಂದು ಅಚ್ಚಾಗಿದೆ. ಮುದ್ರಣದೋಷವಿರಬೇಕು, ತಿದ್ದಿಕೊಳ್ಳಿ."
— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು, ಹಾಸನ

ಮೇಷ್ಟ್ರೇ,

ಮುದ್ರಣದೋಷವೆಂದರೆ ನಮ್ಮ ಪತ್ರಿಕೆಗೆ ಹಳೆಯ ನೆಂಟ. ಆದರೆ ಈ ಸಲ ಅಂಕಿ ಸರಿಯಾಗಿಯೇ ಇದೆ. 2011ರ ಮೇ 17ರಂದು ಪಶ್ಚಿಮ ವಿಭಾಗದ ಫೈನಲ್ ಸರಣಿಯ ಮೊದಲ ಪಂದ್ಯ. ಎದುರಾಳಿ ಓಕ್ಲಹೋಮಾ ಸಿಟಿ. ನೋವಿಟ್ಸ್ಕಿಗೆ 24 ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ತಲಾ ಒಂದು ಅಂಕದ ಎಸೆತ) ಸಿಕ್ಕವು, 24ನ್ನೂ ಹಾಕಿದ. ಆಟದ ನಡುವೆ 15 ಸಲ ಶೂಟ್ ಮಾಡಿ 12 ಹಾಕಿದ. ಒಟ್ಟು 48 ಅಂಕ. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ: ಹನ್ನೆರಡು ಎರಡಲ 24, ಮೇಲೆ ಫ್ರೀ ಥ್ರೋಗಳ 24. ಅಂದರೆ ಆ ರಾತ್ರಿ ಮೂರು ಅಂಕದ ಗೆರೆಯಾಚೆಯಿಂದ ಬಂದದ್ದು ಸೊನ್ನೆ. ಎದುರಾಳಿಗಳು ಮೈಮೇಲೆ ಬೀಳದೆ ಒಬ್ಬನಿಗೆ 24 ಫ್ರೀ ಥ್ರೋ ಸಿಗುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಡಂಕನ್ ವಿಷಯದಲ್ಲಿ ನಿಮ್ಮೊಂದಿಗೆ ನನಗೆ ಜಗಳವೇ ಇಲ್ಲ. ಇಬ್ಬರಲ್ಲಿ ಒಬ್ಬನನ್ನು ಆರಿಸಿ ಒಂದು ತಂಡ ಕಟ್ಟು ಎಂದರೆ ನಾನೂ ಡಂಕನ್‌ನನ್ನೇ ಆರಿಸುತ್ತೇನೆ. ಅತ್ಯುತ್ತಮ ರಕ್ಷಣಾ ಆಟಗಾರರ ವಾರ್ಷಿಕ ತಂಡದಲ್ಲಿ ಡಂಕನ್‌ಗೆ 15 ಸಲ ಜಾಗ ಸಿಕ್ಕಿತು. ನೋವಿಟ್ಸ್ಕಿಗೆ ಒಮ್ಮೆಯೂ ಸಿಗಲಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. 2011ರಲ್ಲಿ ನೋವಿಟ್ಸ್ಕಿಯ ತಂಡ ಡಲ್ಲಾಸ್ ಮ್ಯಾವರಿಕ್ಸ್ ಚಾಂಪಿಯನ್ ಆದಾಗ ಹಿಂದೆ ರಿಂಗ್ ಕಾಯಲು ಟೈಸನ್ ಚಾಂಡ್ಲರ್ ಇದ್ದ ಎನ್ನುವುದನ್ನು ಮರೆತು ಬರೆಯುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೂ ಡಂಕನ್‌ನ ಅಂಗಳದಲ್ಲೇ ನಡೆದ ಒಂದು ಪಂದ್ಯವನ್ನು ನೆನಪಿಸುತ್ತೇನೆ. 2006ರ ಮೇ ತಿಂಗಳು, ಸ್ಯಾನ್ ಆಂಟೋನಿಯೊ, ಸರಣಿಯ ಏಳನೆಯ ಹಾಗೂ ನಿರ್ಣಾಯಕ ಪಂದ್ಯ. ಡಂಕನ್ 41 ಅಂಕ ಗಳಿಸಿದ್ದ. ಕೊನೆಯ ಅರ್ಧ ನಿಮಿಷದಲ್ಲಿ ಡಲ್ಲಾಸ್ ಮೂರು ಅಂಕ ಹಿಂದೆ. ಎಲ್ಲರೂ ನೋವಿಟ್ಸ್ಕಿ ದೂರದಿಂದಲೇ ಎಸೆಯುತ್ತಾನೆ ಎಂದು ಕಾಯುತ್ತಿದ್ದರು. ಆತ ಚೆಂಡು ಬಡಿಯುತ್ತಾ ನೇರ ರಿಂಗ್‌ಗೇ ನುಗ್ಗಿದ, ಎದುರಾಳಿ ಮನು ಜಿನೊಬಿಲಿಯ ಫೌಲ್ ತಿಂದು ಬ್ಯಾಸ್ಕೆಟ್ ಹಾಕಿದ, ಫ್ರೀ ಥ್ರೋ ಕೂಡ ಹಾಕಿ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಡಲ್ಲಾಸ್ ಗೆದ್ದಿತು. ನೋವಿಟ್ಸ್ಕಿಯ ಲೆಕ್ಕಕ್ಕೆ 37 ಅಂಕ, 15 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು). ನೀವು "ಮೈ ನುಗ್ಗಿಸುವುದು" ಎಂದು ಬರೆದದ್ದು ಇದನ್ನೇ ಅಲ್ಲವೇ?

ಈಗ ನಿಮ್ಮ ಮುಖ್ಯ ತಕರಾರಿಗೆ ಬರುತ್ತೇನೆ. ಎತ್ತರದವನು ರಿಂಗ್ ಕೆಳಗೇ ನಿಲ್ಲಬೇಕು ಎಂಬುದು ನಿಮ್ಮೊಬ್ಬರ ನಂಬಿಕೆಯಲ್ಲ, 1990ರ ದಶಕದವರೆಗೂ ಅಮೆರಿಕದ ಬಹುತೇಕ ಕೋಚ್‌ಗಳ ನಂಬಿಕೆಯೂ ಹೌದು. ಜರ್ಮನಿಯ ವುರ್ಟ್ಸ್‌ಬುರ್ಗ್ ಎಂಬ ಊರಿನ ಹುಡುಗ ನೋವಿಟ್ಸ್ಕಿಯ ಕೈಗೆ ಅದಕ್ಕೆ ವಿರುದ್ಧವಾದ ಪಾಠ ಬಿದ್ದದ್ದು ಆಕಸ್ಮಿಕ. ತಂದೆ ಹ್ಯಾಂಡ್‌ಬಾಲ್ ಆಟಗಾರ, ತಾಯಿ ಪಶ್ಚಿಮ ಜರ್ಮನಿಗೆ ಬ್ಯಾಸ್ಕೆಟ್‌ಬಾಲ್ ಆಡಿದವರು, ಹುಡುಗ ಮೊದಲು ಹಿಡಿದದ್ದು ಟೆನಿಸ್ ರ‍್ಯಾಕೆಟ್. ಹದಿಹರೆಯದಲ್ಲಿ ಆತನ ಆಟ ಹೋಲ್ಗರ್ ಗೆಶ್ವಿಂಡ್ನರ್ ಕಣ್ಣಿಗೆ ಬಿತ್ತು. ಈ ಗೆಶ್ವಿಂಡ್ನರ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆಡಿದವರು, ಗಣಿತ ಮತ್ತು ಭೌತವಿಜ್ಞಾನ ಓದಿದವರು, ಸ್ವಲ್ಪ ತಿಕ್ಕಲು ಎಂದು ಹೆಸರಾದವರು. ಸ್ಯಾಕ್ಸೊಫೋನ್ ಸಂಗೀತದ ಮೂಲಕ ಲಯ ಕಲಿಸುವುದು ಅವರ ಪಾಠದ ಒಂದು ಭಾಗವಾಗಿತ್ತು. ಅವರು ಕೂತು ಲೆಕ್ಕ ಹಾಕಿದ್ದು ಚೆಂಡಿನ ಹಾದಿಯನ್ನು.

ಆ ಲೆಕ್ಕವನ್ನು ನೀವು ಕರಿಹಲಗೆಯ ಮೇಲೆಯೇ ಮಾಡಿ ತೋರಿಸಬಹುದು. ರಿಂಗಿನ ವ್ಯಾಸ ಸುಮಾರು 45 ಸೆಂಟಿಮೀಟರ್, ಚೆಂಡಿನದು ಸುಮಾರು 24. ಚೆಂಡು ನೆಟ್ಟಗೆ ಮೇಲಿನಿಂದ ಇಳಿದರೆ 45 ಸೆಂಟಿಮೀಟರ್ ಪೂರ್ತಿ ಅದರದೇ. ಆದರೆ 30 ಡಿಗ್ರಿಯಷ್ಟು ಓರೆಯಾಗಿ ಚಪ್ಪಟೆ ಬಂದರೆ ಅದೇ ರಿಂಗ್ ಅದರ ಪಾಲಿಗೆ 22 ಸೆಂಟಿಮೀಟರ್ ಚಿಲ್ಲರೆಗೆ ಕುಗ್ಗಿಬಿಡುತ್ತದೆ, ಅಂಚಿಗೆ ತಗುಲದೆ ಚೆಂಡು ಒಳಹೋಗುವ ಮಾತೇ ಇಲ್ಲ. 60 ಡಿಗ್ರಿಗೆ ಏರಿಸಿದರೆ ಸುಮಾರು 39 ಸೆಂಟಿಮೀಟರ್ ಸಿಗುತ್ತದೆ, ಬೆರಳು ಕೊಂಚ ತಪ್ಪಿದರೂ ಚೆಂಡು ಕ್ಷಮಿಸುತ್ತದೆ. ಏಳು ಅಡಿಯವನು ಕೈ ಎತ್ತಿ ಬಿಟ್ಟರೆ ಚೆಂಡಿನ ಹಾದಿ ಶುರುವಾಗುವುದೇ ಬೇರೆಯವರ ಕೈಗೆ ಎಟುಕದ ಜಾಗದಿಂದ. ಎತ್ತರವನ್ನು ರೀಬೌಂಡ್‌ಗೆ ಮಾತ್ರ ಖರ್ಚು ಮಾಡುವುದು ದಂಡ ಎಂದು ಗೆಶ್ವಿಂಡ್ನರ್ ಕಂಡುಕೊಂಡದ್ದು ಹೀಗೆ. (ರೀಬೌಂಡ್‌ಗೂ ಕೊರತೆ ಇರಲಿಲ್ಲ. ವೃತ್ತಿಜೀವನದಲ್ಲಿ 11,489.)

ಅದರ ಮೇಲೆ ಬಂದದ್ದು ಆ ಒಂಟಿಕಾಲಿನ ಹೊಡೆತ. ಎಡಗಾಲಿನ ಮೇಲೆ ಚಿಮ್ಮಿ, ಬಲ ಮೊಣಕಾಲನ್ನು ಎದುರಾಳಿಗೂ ತನಗೂ ನಡುವೆ ಎತ್ತಿಹಿಡಿದು, ಬೆನ್ನನ್ನು ಹಿಂದಕ್ಕೆ ವಾಲಿಸಿ ಚೆಂಡು ಬಿಡುವುದು. ನಿಮ್ಮ ಶಾಲೆಯ ಹುಡುಗ ಹಾಗೆ ಮಾಡಿದ್ದರೆ ನೀವು ಸೀಟಿ ಊದಿ ಎರಡು ಸುತ್ತು ಓಡಿಸುತ್ತಿದ್ದಿರಿ, ಸುಳ್ಳೇ? ಅಂಥ ಹೊಡೆತವನ್ನು ಮುಂದೆ ಕೆವಿನ್ ಡ್ಯುರಾಂಟ್, ಲೆಬ್ರಾನ್ ಜೇಮ್ಸ್ ಅವರಂಥವರು ಕಲಿತು ಬಳಸಿದರು.

ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ನೋವಿಟ್ಸ್ಕಿ 1998ರಲ್ಲಿ ಒಂಬತ್ತನೆಯವನಾಗಿ ಆಯ್ಕೆಯಾದ. ಮಿಲ್ವಾಕಿ ತಂಡ ಆರಿಸಿ ತಕ್ಷಣ ಡಲ್ಲಾಸ್‌ಗೆ ದಾಟಿಸಿತು, ಬದಲಿಗೆ ರಾಬರ್ಟ್ ಟ್ರೇಲರ್‌ನನ್ನು ಪಡೆಯಿತು. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 8.2 ಅಂಕ. ಆಮೇಲಿನದು ಏರುಹಾದಿ, ಅದನ್ನು ಕಳೆದ ಸಂಚಿಕೆಯಲ್ಲೇ ಬರೆದಿದ್ದೇವೆ.

ಬಿದ್ದದ್ದನ್ನು ಮಾತ್ರ ಅಷ್ಟಾಗಿ ಬರೆದಿರಲಿಲ್ಲ. 2006ರ ಫೈನಲ್‌ನಲ್ಲಿ ಮಯಾಮಿ ವಿರುದ್ಧ 2–0 ಮುನ್ನಡೆ, ನಂತರ ಸತತ ನಾಲ್ಕು ಸೋಲು. ಮೂರನೆಯ ಪಂದ್ಯದ ಕೊನೆಯಲ್ಲಿ ಸಮ ಮಾಡಬಹುದಾಗಿದ್ದ ಫ್ರೀ ಥ್ರೋ ತಪ್ಪಿಸಿದವನು ಇದೇ ನೋವಿಟ್ಸ್ಕಿ. ಮರುವರ್ಷ ಡಲ್ಲಾಸ್ 67 ಪಂದ್ಯ ಗೆದ್ದು ಅಗ್ರಸ್ಥಾನದಲ್ಲಿತ್ತು, ಮೊದಲ ಸುತ್ತಿನಲ್ಲೇ ಎಂಟನೆಯ ಶ್ರೇಯಾಂಕದ ಗೋಲ್ಡನ್ ಸ್ಟೇಟ್ ಮನೆಗೆ ಕಳಿಸಿತು. ಸಿಟ್ಟಿಗೆ ಕೈಗೆ ಸಿಕ್ಕಿದ್ದನ್ನು ಎಸೆದು ಓಕ್ಲೆಂಡ್ ಕ್ರೀಡಾಂಗಣದ ಗೋಡೆ ತೂತು ಮಾಡಿದ. ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು, ಯುರೋಪಿನವನೊಬ್ಬನಿಗೆ ಮೊತ್ತಮೊದಲ ಬಾರಿಗೆ ಸಂದದ್ದನ್ನು, ಆ ಸೋಲಿನ ನಂತರ ತಲೆ ತಗ್ಗಿಸಿಕೊಂಡೇ ಸ್ವೀಕರಿಸಬೇಕಾಯಿತು. ಆಮೇಲೆ ಗೆಶ್ವಿಂಡ್ನರ್ ಜೊತೆ ಆಸ್ಟ್ರೇಲಿಯಾ ಸುತ್ತಲು ಹೋದ. ನನಗಾದರೂ ಆ ಪ್ರಶಸ್ತಿ ಸಮಾರಂಭಕ್ಕಿಂತ ಆಸ್ಟ್ರೇಲಿಯಾವೇ ವಾಸಿ ಎನಿಸುತ್ತಿತ್ತು.

ಈ ಇತಿಹಾಸವಿಲ್ಲದೆ ಓದಿದರೆ 2011ರ ಗೆಲುವು ಬರೀ "ಒಂದು" ಎಂಬ ಅಂಕಿಯಾಗಿ ಕಾಣುತ್ತದೆ. ಎದುರಿಗೆ ಮತ್ತೆ ಮಯಾಮಿ, ಈ ಸಲ ಲೆಬ್ರಾನ್, ಡ್ವೇನ್ ವೇಡ್, ಕ್ರಿಸ್ ಬಾಷ್ ಮೂವರೂ ಒಟ್ಟಿಗೆ. ಮೊದಲ ಪಂದ್ಯದಲ್ಲೇ ನೋವಿಟ್ಸ್ಕಿಯ ಎಡಗೈ ನಡುಬೆರಳಿನ ಸ್ನಾಯುರಜ್ಜು ಹರಿಯಿತು. ಎರಡನೆಯದರಲ್ಲಿ ಏಳು ನಿಮಿಷ ಉಳಿದಿರುವಾಗ ಡಲ್ಲಾಸ್ 15 ಅಂಕ ಹಿಂದಿತ್ತು. ಅಲ್ಲಿಂದ ಎದ್ದುಬಂತು, ಕೊನೆಯ ಒಂಬತ್ತು ಅಂಕ ಆತನವೇ. ಗೆಲುವಿನ ಲೇ-ಅಪ್ ಹಾಕಿದ್ದು ರಿಂಗಿನ ಬುಡದಲ್ಲಿ, ಅದೂ ಪಟ್ಟಿ ಕಟ್ಟಿದ ಎಡಗೈಯಲ್ಲಿ. ನಾಲ್ಕನೆಯ ಪಂದ್ಯವನ್ನು 101 ಡಿಗ್ರಿ ಜ್ವರದಲ್ಲಿ ಆಡಿ ಗೆಲ್ಲಿಸಿದ. ಆರನೆಯದರ ಮೊದಲರ್ಧದಲ್ಲಿ 12 ಹೊಡೆತಕ್ಕೆ ಒಂದೇ ಒಳಹೋಯಿತು, ಎರಡನೆಯ ಅರ್ಧದಲ್ಲಿ 18 ಅಂಕ ಬಂದವು. ಆಟ ಮುಗಿಯುತ್ತಲೇ ಸ್ಕೋರರ್ ಮೇಜು ಹಾರಿ ಡ್ರೆಸ್ಸಿಂಗ್ ಕೋಣೆಗೆ ಓಡಿದ, ಅಳುವುದನ್ನು ಜನ ನೋಡಬಾರದೆಂದು.

ನಂತರವೂ ಅದೇ ಊರು, ಅದೇ 41ರ ಅಂಗಿ. ಒಟ್ಟು 21 ವರ್ಷ, 31,560 ಅಂಕ. 2014ರಲ್ಲಿ ಬೇರೆ ತಂಡಗಳು ಹಣದ ಥೈಲಿ ಬಿಚ್ಚಿದ್ದರೂ ತಂಡಕ್ಕೆ ಒಳ್ಳೆಯವರನ್ನು ತರಲಿ ಎಂದು ತನ್ನ ಸಂಭಾವನೆ ಕಡಿಮೆ ಮಾಡಿಕೊಂಡ. ಅದೇ ಡಲ್ಲಾಸ್ 2025ರ ಫೆಬ್ರುವರಿಯಲ್ಲಿ ತನ್ನ ತಾರಾ ಆಟಗಾರ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್ ತಂಡಕ್ಕೆ ಕೊಟ್ಟುಬಿಟ್ಟಿತು. ಆ ನಗರದ ಅಭಿಮಾನಿಗಳ ಸಂಕಟ ಇನ್ನೂ ಆರಿಲ್ಲವೆಂದರೆ ಅದಕ್ಕೆ ನೋವಿಟ್ಸ್ಕಿಯೂ ಒಂದಿಷ್ಟು ಕಾರಣ. ಅಂಥ ನಂಟು ಸಾಧ್ಯ ಎಂದು ತೋರಿಸಿಕೊಟ್ಟಿದ್ದನಲ್ಲ.

ನಮ್ಮ ದೇಶಕ್ಕೂ ಒಂದು ಎಳೆ ಇದೆ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್‌ನನ್ನು 52ನೆಯವನಾಗಿ ಆರಿಸಿದ್ದು ಡಲ್ಲಾಸ್ ತಂಡವೇ. ಎನ್‌ಬಿಎಗೆ ಹೀಗೆ ಆಯ್ಕೆಯಾದ ಮೊದಲ ಭಾರತೀಯ ಆತ. ಏಳು ಅಡಿ ದಾಟಿದ ದೇಹವಿದ್ದರೂ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಅಷ್ಟರಲ್ಲಿ ಆಟ ಬದಲಾಗಿತ್ತು: ಎತ್ತರದವನೂ ಹೊರಗೆ ಬಂದು ಶೂಟ್ ಮಾಡಬೇಕು, ಚೆಂಡು ಬಡಿಯುತ್ತಾ ಓಡಬೇಕು. ಹಾಗೆ ಬದಲಾಯಿಸಿದವರಲ್ಲಿ ಮುಂಚೂಣಿಯವನು ಅದೇ ತಂಡದಲ್ಲಿದ್ದ. ಆದ್ದರಿಂದ ನಿಮ್ಮ ಹುಡುಗರ ವಿಷಯದಲ್ಲಿ ನನ್ನ ಭಯ ನಿಮ್ಮದಕ್ಕೆ ತದ್ವಿರುದ್ಧ. ಹದಿಮೂರರ ಉದ್ದನೆಯ ಹುಡುಗನನ್ನು ರಿಂಗ್ ಕೆಳಗೆ ನೆಟ್ಟುಬಿಟ್ಟರೆ ಹದಿನೆಂಟಕ್ಕೆ ಅವನಿಗೆ ಬೇರೇನೂ ಬರುವುದಿಲ್ಲ.

ರೀಬೌಂಡ್ ಪಾಠ ಖಂಡಿತ ಬಿಡಬೇಡಿ. ಅದು ಮುಗಿದ ಮೇಲೆ ಆ ಹುಡುಗನನ್ನೇ ಫ್ರೀ ಥ್ರೋ ಗೆರೆಯಲ್ಲಿ ನಿಲ್ಲಿಸಿ, ಚೆಂಡು ಎಷ್ಟು ಮೇಲೇರಿ ಇಳಿಯುತ್ತದೆ ಎಂಬುದನ್ನು ಪಕ್ಕದಿಂದ ನೋಡಿ. ಚಪ್ಪಟೆಯಾಗಿ ಹೋಗುತ್ತಿದ್ದರೆ ಮೊಣಕೈ ಎತ್ತಿಸಿ. ಡಂಕನ್ ಬಗ್ಗೆ ಪ್ರತ್ಯೇಕ ಲೇಖನ ಬೇಕೆಂದರೆ, ಬರೆಯಲು ನಿಮ್ಮನ್ನೇ ಕೇಳುತ್ತಿದ್ದೇನೆ. ಎರಡು ಪುಟ ಕಾದಿರಿಸಿದ್ದೇನೆ, ಮುಂದಿನ ತಿಂಗಳ ಹತ್ತರೊಳಗೆ ತಲುಪಿದರೆ ಸಾಕು.

— ಸಂಪಾದಕ