ಪಿಕಪ್ ಗಾಡಿಯಲ್ಲಿ ಬಾಖ್: ಮೂಡಿಗೆರೆಯ ಬರಹಗಾರ್ತಿಗೆ ಒಂದು ಉತ್ತರ

ಹಾಸನ

ಆತ್ಮೀಯರೇ, ನಮಸ್ಕಾರ.

ನೀವು ಮೂಡಿಗೆರೆಯಿಂದ ಕಳಿಸಿದ 'ಸೆಲ್ಲೋ: ಅಳುವ ಮರ' ಲೇಖನ ತಲುಪಿದೆ. ಪೂರ್ತಿ ಓದಿದ್ದೇನೆ. ಸುತ್ತಿ ಬಳಸಿ ಹೇಳುವುದಿಲ್ಲ, ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸಾಮಾನ್ಯವಾಗಿ ಇಂಥದ್ದನ್ನು ಒಂದು ಸಾಲಿನ ವಿಷಾದದಲ್ಲಿ ಮುಗಿಸಿಬಿಡುತ್ತೇವೆ. ಆದರೆ ನಿಮ್ಮ ಆರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದನ್ನು ಓದಿದ ಮೇಲೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಈ ಉತ್ತರವನ್ನು 'ಬರಹಗಾರರಿಗೆ ಸಲಹೆ' ಪುಟದಲ್ಲೂ ಹಾಕುತ್ತಿದ್ದೇವೆ, ನಿಮ್ಮ ಹೆಸರು ಬಿಟ್ಟು.

ಬೇರೆ ಓದುಗರಿಗಾಗಿ ನಿಮ್ಮ ಎಂಟು ಪುಟದ ಸಾರ ಹೇಳಿಬಿಡುತ್ತೇನೆ. ಮಳೆಗಾಲದ ಒಂದು ರಾತ್ರಿ ಫೋನಿನಲ್ಲಿ ಸೆಲ್ಲೋ (ಪಿಟೀಲಿನ ಜಾತಿಯ, ತಗ್ಗು ದನಿಯ ದೊಡ್ಡ ವಾದ್ಯ) ಕೇಳಿದಿರಿ, ಕಣ್ಣು ತುಂಬಿ ಬಂತು. ಆಮೇಲೆ ಪಾಬ್ಲೊ ಕಸಾಲ್ಸ್, ಜಾಕ್ಲಿನ್ ಡು ಪ್ರೇ, ರೋಸ್ಟ್ರೋಪೋವಿಚ್, ಯೋ ಯೋ ಮಾ ಈ ನಾಲ್ವರು ಸೆಲ್ಲೋ ವಾದಕರ ರೆಕಾರ್ಡಿಂಗ್‌ಗಳನ್ನು ಹುಡುಕಿ ಕೇಳಿದಿರಿ. ಸೆಲ್ಲೋ ಎಂದರೆ ದುಃಖ, ಅದು ಮನುಷ್ಯರ ದನಿ, ನಮ್ಮ ಕಡೆಯವರಿಗೆ ಅದರ ಗಂಧಗಾಳಿ ಇಲ್ಲ, ಇದು ನಿಮ್ಮ ತೀರ್ಮಾನ. ನಡುವೆ ಮಂಜು ಇದೆ, ಕಾಫಿ ಹೂವಿದೆ, ಬೇಲೂರಿನ ಶಿಲಾಬಾಲಿಕೆ ಇದ್ದಾಳೆ. ಅವಳ ಕೈಗೆ ಒಂದು ಸೆಲ್ಲೋ ಕೂಡ ಕೊಟ್ಟಿದ್ದೀರಿ.

ಶಿಲಾಬಾಲಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಹಾಸನ, ಚಿಕ್ಕಮಗಳೂರು ಕಡೆಯಿಂದ ನಮಗೆ ಬರುವ ಬರಹಗಳಲ್ಲಿ ಆಕೆ ಎಲ್ಲ ಕೆಲಸವನ್ನೂ ಮಾಡಿಯಾಗಿದೆ. ಮಂಜಿನದ್ದೂ ಅದೇ ಕಥೆ. ನೀವಿರುವುದೇ ಮಂಜಿನಲ್ಲಿ, ಅದು ಬರಹಕ್ಕೆ ಬಂದರೆ ತಪ್ಪಲ್ಲ. ಆದರೆ ನಿಮ್ಮ ಬರಹದಲ್ಲಿ ಸಂಗೀತದ ಬಗ್ಗೆ ಹೇಳಲು ಮಾತು ಸಿಗದ ಕಡೆಯಲ್ಲೆಲ್ಲ ಮಂಜು ಇಳಿದಿದೆ. ಓದುವವರಿಗೆ ಇದು ಗೊತ್ತಾಗಿಬಿಡುತ್ತದೆ.

ಈಗ ದುಃಖದ ವಿಷಯಕ್ಕೆ ಬರೋಣ. ನನಗೆ ಜಾಸ್ತಿ ತಕರಾರು ಇರುವುದು ಇಲ್ಲೇ. ಇಂಗ್ಲೆಂಡಿನ ಎಲ್ಗಾರ್ ಬರೆದು ಡು ಪ್ರೇ ನುಡಿಸಿದ ಕಾನ್ಸರ್ಟೋ (ಒಂದು ವಾದ್ಯ ಮುಂದಾಗಿ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಬಗ್ಗೆ ನೀವು ಹೀಗೆ ಬರೆದಿದ್ದೀರಿ: "ತನ್ನ ಕೈ ಸೋಲುತ್ತಿದೆ ಎಂದು ತಿಳಿದೇ ಆಕೆ ಇದನ್ನು ನುಡಿಸಿದಳು, ಪ್ರತಿ ಸ್ವರದಲ್ಲೂ ಆ ವಿದಾಯವಿದೆ." ಸಾಲು ಚೆನ್ನಾಗಿದೆ. ಆದರೆ ಸುಳ್ಳು. ಆ ರೆಕಾರ್ಡಿಂಗ್ ಆಗಿದ್ದು 1965ರ ಆಗಸ್ಟ್‌ನಲ್ಲಿ, ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ. ಆಗ ಆಕೆಗೆ 20 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಪತ್ತೆಯಾಗಿದ್ದು 1973ರಲ್ಲಿ, ತೀರಿಕೊಂಡಿದ್ದು 1987ರಲ್ಲಿ. ಅಂದರೆ ನೀವು ಕೇಳಿದ್ದು ಗಟ್ಟಿಮುಟ್ಟಾದ, ಹಿಡಿದ ಕಮಾನನ್ನು ಬೀಸಿ ಎಳೆಯುವ ಒಬ್ಬ ಹುಡುಗಿಯನ್ನು. ಮುಂದೆ ಏನಾಯಿತು ಅಂತ ನಿಮಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಆ ದುಃಖವನ್ನು ನೀವು ಹಿಂದಕ್ಕೆ ಒಯ್ದು ಆಕೆಯ ಕೈಗೆ ಹಚ್ಚಿದ್ದೀರಿ.

ಹಾಗಂತ ಆ ಸಂಗೀತದಲ್ಲಿ ದುಃಖ ಇಲ್ಲ ಎನ್ನುತ್ತಿಲ್ಲ. ಇದೆ, ಆದರೆ ಅದು ಎಲ್ಗಾರ್‌ನದ್ದು. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೆ, 1919ರಲ್ಲಿ, ಅರವತ್ತು ದಾಟಿದ ಮನುಷ್ಯ ಬರೆದದ್ದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಸಲ ನುಡಿಸಿದಾಗ ತಾಲೀಮು ಸಾಲದೆ ಕಛೇರಿ ಕೆಟ್ಟಿತು. ಆ ದಿನ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಸೆಲ್ಲೋ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗನ ಹೆಸರು ಜಾನ್ ಬಾರ್ಬಿರೋಲಿ. 1965ರಲ್ಲಿ ಡು ಪ್ರೇಗೆ ಅದೇ ಆರ್ಕೆಸ್ಟ್ರಾವನ್ನು ನಡೆಸಿಕೊಟ್ಟವರು ಇದೇ ಬಾರ್ಬಿರೋಲಿ. ಕೆಟ್ಟ ಕಛೇರಿಯಲ್ಲಿ ಹಿಂದೆ ಕೂತು ನುಡಿಸಿದ ಹುಡುಗ, ನಲವತ್ತಾರು ವರ್ಷ ಆದ ಮೇಲೆ ಅದೇ ಕೃತಿಯನ್ನು ಇಪ್ಪತ್ತರ ಹುಡುಗಿಯ ಜೊತೆ ಹೀಗೆ ಎತ್ತಿ ನಿಲ್ಲಿಸುತ್ತಾರೆ. ಇದು ನಿಜವಾಗಿ ನಡೆದದ್ದು, ನಿಮ್ಮ ವಿದಾಯದ ಸಾಲಿಗಿಂತ ಇದರಲ್ಲೇ ತೂಕ ಹೆಚ್ಚು. ಬಾರ್ಬಿರೋಲಿಯ ಹೆಸರೇ ನಿಮ್ಮ ಬರಹದಲ್ಲಿಲ್ಲ.

ಇನ್ನೊಂದು ಕೆಲಸ ಮಾಡಿ. 1928ರಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಇದೇ ಕಾನ್ಸರ್ಟೋವನ್ನು ರೆಕಾರ್ಡ್ ಮಾಡಿದ್ದಾರೆ, ಆರ್ಕೆಸ್ಟ್ರಾ ನಡೆಸಿದ್ದು ಸ್ವತಃ ಎಲ್ಗಾರ್. ಅದನ್ನು ಕೇಳಿ, ಆಮೇಲೆ ಡು ಪ್ರೇಯನ್ನು ಮತ್ತೆ ಕೇಳಿ. ಬರೆದವನೇ ನಿಂತು ನಡೆಸಿದಾಗ ಎಷ್ಟು ಕಣ್ಣೀರು ತರಿಸುತ್ತಾನೆ, ಎಲ್ಲಿ ತರಿಸದೆ ಮುಂದೆ ಹೋಗುತ್ತಾನೆ ಎಂದು ನಿಮ್ಮ ಕಿವಿಯೇ ಹೇಳಲಿ.

ಕಸಾಲ್ಸ್ ಕಥೆಯಲ್ಲೂ ಇದೇ ತೊಂದರೆ. ಜರ್ಮನಿಯ ಬಾಖ್ ಒಂಟಿ ಸೆಲ್ಲೋಗೆ ಬರೆದ ಆರು ಸೂಟ್‌ಗಳು (ಹಲವು ಭಾಗಗಳ ಕೃತಿಗಳು) ಇನ್ನೂರು ವರ್ಷ ಕಳೆದೇ ಹೋಗಿದ್ದವು, ಕಸಾಲ್ಸ್ ಹುಡುಕಿ ತಂದರು ಎಂದಿದ್ದೀರಿ. ಕಳೆದು ಹೋಗಿರಲಿಲ್ಲ. 1820ರ ದಶಕದಲ್ಲೇ ಅಚ್ಚಾಗಿದ್ದವು. ಬಾಖ್‌ನ ಸ್ವಂತ ಕೈಬರಹ ಸಿಕ್ಕಿಲ್ಲ, ಹೆಂಡತಿ ಆನಾ ಮಗ್ದಲೇನಾ ಮಾಡಿಟ್ಟ ನಕಲು ಇದೆ. ಅಚ್ಚಾದ ಮೇಲೂ ಹೆಚ್ಚಿನವರು ಅವನ್ನು ಬೆರಳಿನ ಅಭ್ಯಾಸಕ್ಕೆ ಇಟ್ಟುಕೊಂಡಿದ್ದರು, ನಮ್ಮಲ್ಲಿ ಜಂಟಿ ವರಸೆ ಸಾಧಿಸುವ ಹಾಗೆ. 1890ರಲ್ಲಿ ಬಾರ್ಸಿಲೋನಾದ ಒಂದು ಹಳೇ ಅಂಗಡಿಯಲ್ಲಿ 13 ವರ್ಷದ ಕಸಾಲ್ಸ್ ಕೈಗೆ ಸಿಕ್ಕಿದ್ದು ಅಚ್ಚಾದ ಪುಸ್ತಕವೇ. ಅವನ್ನು ಪೂರ್ತಿಯಾಗಿ ಕಛೇರಿಗೆ ತಂದದ್ದು, ಆಮೇಲೆ ಆರನ್ನೂ ರೆಕಾರ್ಡ್ ಮಾಡಿ ಮನೆಮನೆಗೆ ಮುಟ್ಟಿಸಿದ್ದು ಕಸಾಲ್ಸ್. ಅಷ್ಟೇ ಸಾಕು, ಅದೇ ದೊಡ್ಡದು.

"1936ರ ಎಲ್‌ಪಿ" ಎಂದೂ ಬರೆದಿದ್ದೀರಿ. ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ಪ್ಲೇಟು, ಬಂದದ್ದೇ 1948ರಲ್ಲಿ. ಕಸಾಲ್ಸ್ 1936ರಿಂದ 1939ರವರೆಗೆ ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ನುಡಿಸಿದ್ದು ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳಿಗೆ. ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಅಂತ ಇಟ್ಟುಕೊಳ್ಳಿ. ಸೂಟ್‌ಗಳ ಹೆಚ್ಚಿನ ಭಾಗಗಳು ಚಿಕ್ಕವು, ಒಂದೊಂದು ಮಗ್ಗುಲಿಗೆ ಹಿಡಿಸುತ್ತವೆ. 1937ರಲ್ಲಿ ಪ್ರಾಗ್‌ನಲ್ಲಿ ಅವರು ನುಡಿಸಿದ ದ್ವೊರ್ಜಾಕ್ ಕಾನ್ಸರ್ಟೋ ಹಾಗಲ್ಲ, ಅದರ ಭಾಗಗಳು ಉದ್ದ. ಕೇಳುವವರು ನಡುನಡುವೆ ಎದ್ದು ಪ್ಲೇಟು ಮಗುಚಬೇಕಿತ್ತು. ನುಡಿಸುವವರೂ ಅಲ್ಲಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ತಪ್ಪಾದರೆ ಆ ತುಂಡನ್ನೇ ಕತ್ತರಿಸಿ ತೇಪೆ ಹಾಕಲು ಆಗ ಟೇಪ್ ಇರಲಿಲ್ಲ, ಇಡೀ ಮಗ್ಗುಲನ್ನು ಮತ್ತೊಮ್ಮೆ ನುಡಿಸಬೇಕು. ರೆಕಾರ್ಡಿಂಗ್ ಬಗ್ಗೆ ಬರೆಯುವವರು ಇದನ್ನು ಬಿಟ್ಟರೆ ಇನ್ನೇನು ಬರೆಯುತ್ತಾರೆ ಹೇಳಿ?

ಈಗ ಆ ಆರನೇ ಪುಟ.

ಕಾಫಿ ಕುಯ್ಲಿನ ಸಮಯ. ಕಣದ ಪಕ್ಕ ಸೋದರಮಾವನ ಪಿಕಪ್ ನಿಂತಿದೆ, ಮೂಟೆ ಏರಿಸುತ್ತಿದ್ದಾರೆ. ಗಾಡಿಯ ಸೀಟಿನ ಹಿಂದೆ ಊರಿಗೆಲ್ಲ ಕೇಳುವಂಥ ವೂಫರ್ ಇದೆ. ನೀವು ಬೇಸರಕ್ಕೆ ಫೋನನ್ನು ಅದಕ್ಕೆ ಜೋಡಿಸಿ, ದಿನಾ ಕೇಳುವ ಬಾಖ್‌ನ ಮೂರನೇ ಸೂಟ್ ಹಾಕಿದಿರಿ. ಡ್ಯಾಶ್‌ಬೋರ್ಡ್ ಮೇಲಿದ್ದ ಚಿಲ್ಲರೆ ಕಾಸು ಅದುರಿ ಜಾರಿತು. ಮಾವ ಮೂಟೆ ಬಿಟ್ಟು ಬಂದು, "ಇದೆಂಥ ಮಾರಾಯ್ತಿ, ಒಂದೇ ಪಿಟೀಲಿಗೆ ಇಷ್ಟು ಸದ್ದಾ?" ಎಂದರು. ಫೋನಿನಲ್ಲಿ ತಿಂಗಳಾನುಗಟ್ಟಲೆ ಕೇಳಿದ್ದ ಆ ತುಣುಕಿನ ತಳದಲ್ಲಿ ಇಂಥದ್ದೊಂದು ಇತ್ತು ಅಂತ ನಿಮಗೇ ಗೊತ್ತಿರಲಿಲ್ಲ.

ಇಷ್ಟು ಬರೆದು, ತಕ್ಷಣ "ಸಂಗೀತಕ್ಕೆ ಗಡಿಗಳಿಲ್ಲ" ಎಂದು ಮುಂದೆ ಓಡಿಬಿಟ್ಟಿದ್ದೀರಿ. ಯಾಕೆ ಓಡಿದಿರಿ? ಇಲ್ಲೇ ನಿಲ್ಲಬೇಕಿತ್ತು.

ಮೂರನೇ ಸೂಟ್ ಶುರುವಾಗುವುದು ಹೇಗೆ ಅಂತ ಒಮ್ಮೆ ಗಮನ ಕೊಟ್ಟು ಕೇಳಿ. ಮೇಲಿನ ಷಡ್ಜದಿಂದ ಸ ನಿ ದ ಪ ಮ ಗ ರಿ ಸ ಎಂದು ಇಳಿಯುತ್ತದೆ. ಸಂಗೀತ ಕಲಿತ ಯಾವ ಮಗುವಿಗೂ ಅದು ಶಂಕರಾಭರಣದ ಅವರೋಹಣ ಎಂದು ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲದೆ ಇನ್ನೂ ಕೆಳಕ್ಕೆ ಪ, ಗ ಹಾದು ತಳದ ಷಡ್ಜಕ್ಕೆ ಬಂದು ಕೂರುತ್ತದೆ. ಆ ಕೊನೆಯ ಸ್ವರ ಸೆಲ್ಲೋದ ನಾಲ್ಕನೇ ತಂತಿ, ಬೆರಳಿಡದೆ ಬಿಟ್ಟ ತಂತಿ. ಸೆಕೆಂಡಿಗೆ ಸುಮಾರು 65 ಕಂಪನ. ನಿಮ್ಮ ಫೋನಿನ ಬೆರಳುಗುರಿನಷ್ಟು ಸ್ಪೀಕರ್‌ಗೆ ಅದನ್ನು ಹೊರಡಿಸುವ ತಾಕತ್ತೇ ಇಲ್ಲ. ಅದರ ಮೇಲಿನ ಅನುಸ್ವರಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು), 130, 195, 260 ಹೀಗೆ, ಅವು ಮಾತ್ರ ಹೊರಗೆ ಬರುತ್ತವೆ. ಅವುಗಳ ನಡುವಿನ ಅಂತರ ಹಿಡಿದು ನಮ್ಮ ಕಿವಿ, ಮಿದುಳು ಸೇರಿ ಇಲ್ಲದ ಆ 65ನ್ನು ತುಂಬಿಕೊಳ್ಳುತ್ತವೆ. ಅದಕ್ಕೇ ಫೋನಿನಲ್ಲೂ ಸ್ವರ ತಪ್ಪಿದಂತೆ ಅನಿಸುವುದಿಲ್ಲ. ಆದರೆ ಮೈ ಇರುವುದಿಲ್ಲ. ಕಾಸು ಅದುರಿಸುವುದು ಆ ಮೈ. ಮಾವನಿಗೆ ಕೇಳಿಸಿದ್ದು ಅದೇ.

ಇನ್ನೊಂದು ಮಾತು. ಒಂದು ಮನೆ ಶ್ರುತಿಯಲ್ಲಿ (ಪಾಶ್ಚಾತ್ಯರ C ಸ್ವರವೇ ಷಡ್ಜ) ಹಾಡುವ ಗಂಡಸಿನ ತಂಬೂರಿಯಲ್ಲಿ ಕೊನೆಯ ತಂತಿ ಇರುತ್ತದಲ್ಲ, ಮಂದ್ರ ಷಡ್ಜ, ಅದೂ ಸರಿಸುಮಾರು ಇದೇ 65. ಸೆಲ್ಲೋ "ಮನುಷ್ಯರ ದನಿ" ಎಂದು ಎಲ್ಲರೂ ಬರೆಯುತ್ತಾರೆ, ನೀವೂ ಬರೆದಿದ್ದೀರಿ. ಯಾರ ದನಿ, ಯಾವ ಸ್ಥಾಯಿ ಎಂದು ಯಾರೂ ಹೇಳುವುದಿಲ್ಲ. ನಮ್ಮ ಜಿಲ್ಲೆಯ ಅರಕಲಗೂಡು ತಾಲೂಕಿನಲ್ಲೇ ರುದ್ರಪಟ್ಟಣ ಇದೆ. ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತಗಾರರನ್ನು ಕೊಟ್ಟ ಊರು, ತಂಬೂರಿ ಆಕಾರದ ಗುಡಿ ಕಟ್ಟಿಕೊಂಡ ಊರು. ಆ ಕಡೆಯ ಓದುಗರಿಗೆ "ಸೆಲ್ಲೋದ ತಳದ ತಂತಿ ನಿಮ್ಮ ತಂಬೂರಿಯ ಮಂದ್ರದ ಜಾಗದಲ್ಲಿದೆ" ಎಂದು ಹೇಳಿ ನೋಡಿ, ತಕ್ಷಣ ಹಿಡಿದುಕೊಳ್ಳುತ್ತಾರೆ. "ಆತ್ಮದ ಆಳದ ಆಕ್ರಂದನ" ಎಂದರೆ ಪುಟ ತಿರುಗಿಸುತ್ತಾರೆ.

ಹಾಗಾಗಿ ನನ್ನ ಸಲಹೆ ಇದು. ನಾಲ್ಕು ಜನ ಕಲಾವಿದರ ಜೀವನಚರಿತ್ರೆ ಬೇಡ. ಮೂರನೇ ಸೂಟ್‌ನ ಮೊದಲ ಭಾಗ ಒಂದನ್ನೇ ಹಿಡಿಯಿರಿ. ಅದೇ ಪಿಕಪ್‌ನಲ್ಲಿ ಕೂತು, 1936ರಲ್ಲಿ ಕಸಾಲ್ಸ್ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ನುಡಿಸಿದ್ದನ್ನು ಕೇಳಿ. ಪ್ಲೇಟಿನ ಚರಚರ ಇರುತ್ತದೆ. ಬೆರಳು ತಂತಿಯ ಮೇಲೆ ಬೀಳುವ ಟಕ್ ಸದ್ದು, ಒಮ್ಮೊಮ್ಮೆ ಅವರ ಗಂಟಲಿನ ಹೂಂಕಾರ ಕೂಡ ಕೇಳಿಸುತ್ತದೆ. ಆಮೇಲೆ ಆನರ್ ಬೈಲ್ಸ್‌ಮಾ 1979ರಲ್ಲಿ ಹಳೆಯ ಕಾಲದ ಪದ್ಧತಿಯಂತೆ ಕರುಳಿನ ತಂತಿ ಕಟ್ಟಿ ನುಡಿಸಿದ್ದನ್ನು ಕೇಳಿ. ಕೊನೆಗೆ ರೋಸ್ಟ್ರೋಪೋವಿಚ್ 1991ರಲ್ಲಿ ಫ್ರಾನ್ಸಿನ ವೆಜೆಲೇ ಊರಿನ ದೊಡ್ಡ ಚರ್ಚಿನೊಳಗೆ ನುಡಿಸಿದ್ದು. ಅಲ್ಲಿ ತಳದ ಷಡ್ಜ ನಿಂತ ಮೇಲೂ ಕಲ್ಲಿನ ಗೋಡೆಗಳು ಅದನ್ನು ಸ್ವಲ್ಪ ಹೊತ್ತು ಬಿಡುವುದಿಲ್ಲ. ಯೋ ಯೋ ಮಾ ಆರೂ ಸೂಟ್‌ಗಳನ್ನು ಮೂರು ಸಲ ರೆಕಾರ್ಡ್ ಮಾಡಿದ್ದಾರೆ. ಅದೇ ಒಂದು ಬೇರೆ ಲೇಖನ ಆಗುತ್ತದೆ, ಇಲ್ಲಿ ತುರುಕಬೇಡಿ.

ಮಾವ ಇವನ್ನು ಕೇಳಿ ಏನಂದರು ಅನ್ನುವುದೂ ಬರಲಿ. ಅವರು "ಮೊದಲನೇದೇ ವಾಸಿ" ಎಂದರೂ ಬರೆಯಿರಿ, "ನಿಲ್ಸು ಮಾರಾಯ್ತಿ, ತಲೆ ನೋಯ್ತದೆ" ಎಂದರೂ ಬರೆಯಿರಿ.

"ನಮ್ಮ ಕಡೆಯವರಿಗೆ ಗಂಧಗಾಳಿ ಇಲ್ಲ" ಎಂಬ ಸಾಲಿಗೆ ನನ್ನ ವಿರೋಧವಿದೆ. ಹಾಸನ, ಚಿಕ್ಕಮಗಳೂರು ಎರಡೂ ಮೈಸೂರು ಸೀಮೆಗೆ ಸೇರಿದ್ದ ಕಾಲದ ಮಾತು ಕೇಳಿ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದ್ದವರು. 1940ರ ದಶಕದ ಕೊನೆಯಲ್ಲಿ ರಷ್ಯಾದ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದ್ದು ಅವರ ದುಡ್ಡು. ಅದು ಪಿಯಾನೋ, ಸೆಲ್ಲೋ ಅಲ್ಲ, ಒಪ್ಪುತ್ತೇನೆ. ಆದರೆ ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಕೈಹಿಡಿದು, ಅದರ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಅವರೇ. ಪಿಯರ್ ಫೂರ್ನಿಯೇ, ಯಾನೋಸ್ ಸ್ಟಾರ್ಕರ್ ಇಂಥ ಸೆಲ್ಲೋ ದಿಗ್ಗಜರು ಅದೇ ಫಿಲ್ಹಾರ್ಮೋನಿಯಾ ಜೊತೆ ರೆಕಾರ್ಡ್ ಮಾಡಿದ್ದಾರೆ. ಇವತ್ತಿನ ಮಾತು ಬೇಕೆಂದರೆ ದೆಹಲಿಯಲ್ಲಿ ಸಾಸ್ಕಿಯಾ ರಾವ್-ದ ಹಾಸ್ ಇದ್ದಾರೆ. ಸೆಲ್ಲೋವನ್ನು ಚಿಕ್ಕದು ಮಾಡಿಸಿ, ತರಬ್ ತಂತಿ (ಮುಟ್ಟದೆಯೇ ತಾನಾಗಿ ಮಿಡಿಯುವ ತಂತಿ) ಸೇರಿಸಿ, ನೆಲದ ಮೇಲೆ ಕೂತು ಹಿಂದೂಸ್ತಾನಿ ನುಡಿಸುತ್ತಾರೆ. ಇವನ್ನೆಲ್ಲ ಲೇಖನಕ್ಕೆ ಸೇರಿಸಿ ಎನ್ನುತ್ತಿಲ್ಲ. ಆ ಸಾಲನ್ನು ತೆಗೆಯಿರಿ, ಅಷ್ಟೇ. ಓದುಗರನ್ನು ಏನೂ ತಿಳಿಯದವರು ಅಂದುಕೊಂಡು ಶುರು ಮಾಡಿದರೆ ಬರಹ ಪಾಠ ಹೇಳಲು ಕೂರುತ್ತದೆ, ನಿಮ್ಮದೂ ಕೂತಿದೆ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಅದ್ಭುತ', 'ಅನನ್ಯ', 'ಮಂತ್ರಮುಗ್ಧ' ಇವಕ್ಕೆ ಕೆಂಪು ಗೆರೆ ಎಳೆದಿದ್ದೇನೆ, ನೋಡಿಕೊಳ್ಳಿ. ಪಿಕಪ್ ಪ್ಯಾರಾದಲ್ಲಿ ಈ ಯಾವ ಪದವೂ ಇಲ್ಲ, ಗಮನಿಸಿದಿರಾ? ಅಲ್ಲಿ ನೀವು ಮಾತಾಡುವ ಹಾಗೇ ಬರೆದಿದ್ದೀರಿ.

ಶೀರ್ಷಿಕೆ ಬದಲಾಯಿಸಿ. 'ಅಳುವ ಮರ' ಬೇಡ. ಎಂಟು ಪುಟ ನಾಲ್ಕಾಗಲಿ. ನುಡಿ ಫಾಂಟ್‌ನಲ್ಲಿ ಕಳಿಸಿದ್ದು ನಮ್ಮ ಕಂಪ್ಯೂಟರಿನಲ್ಲಿ ಒತ್ತಕ್ಷರವೆಲ್ಲ ಒಡೆದು ಬಂತು, ಮುಂದಿನ ಸಲ ಯೂನಿಕೋಡ್‌ನಲ್ಲಿ ಕಳಿಸಿ. ಪಿಡಿಎಫ್ ಬೇಡ. ಕುಯ್ಲು ಮುಗಿಯುವವರೆಗೆ ನಿಮಗೂ ಪುರುಸೊತ್ತು ಇರುವುದಿಲ್ಲ, ಗೊತ್ತು. ಯುಗಾದಿ ಸಂಚಿಕೆಗೆ ಪುಟ ಇನ್ನೂ ಖಾಲಿ ಇದೆ, ಶಿವರಾತ್ರಿ ಹೊತ್ತಿಗೆ ಬಂದರೆ ಸಾಕು.

ಇಂತಿ,
ಸಂಪಾದಕ