ಸಂಧಿವಾತದ ಜೊತೆ ಬಿಡದ ಒಣಕೆಮ್ಮು: ಎಕ್ಸ್‌ರೇ ಸರಿಯಿದ್ದರೆ ಸಾಕೇ?

ತಾಯಿಯವರಿಗೆ ಒಂಬತ್ತು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ, ಆರು ತಿಂಗಳಿಂದ ಒಣಕೆಮ್ಮು ಬಿಟ್ಟಿಲ್ಲ, ಎದೆಯ ಎಕ್ಸ್‌ರೇ ಸರಿಯಾಗಿದೆ ಎಂದು ಹೇಳಿ ಕಳುಹಿಸಿದ್ದಾರೆ, ಇನ್ನೇನಾದರೂ ನೋಡಿಸಬೇಕೇ ಎಂದು ಕೇಳಿದ್ದೀರಿ. ನೋಡಿಸಬೇಕು. ನಾನು ವೈದ್ಯನಲ್ಲ, ಇದೇ ಕಾಯಿಲೆಯ ರೋಗಿ. ನನ್ನ ಶ್ವಾಸಕೋಶದ ತೊಂದರೆ ಪತ್ತೆಯಾಗಲು ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು.

ಆ ಎರಡು ವರ್ಷಗಳಲ್ಲಿ ಯಾರೂ ದೊಡ್ಡ ತಪ್ಪನ್ನೇನೂ ಮಾಡಿರಲಿಲ್ಲ. ಮೆಟ್ಟಿಲು ಹತ್ತುವಾಗ ನಡುವಿನ ತಿರುವಿನಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಕೇಳಿದವರಿಗೆ ಮೊಣಕಾಲು ನೋವು ಎನ್ನುತ್ತಿದ್ದೆ, ನಾನೂ ಹಾಗೆಯೇ ನಂಬಿದ್ದೆ. ಕೀಲುನೋವಿರುವವರು ಬಿರುಸಾಗಿ ನಡೆಯುವುದೇ ಇಲ್ಲವಾದ್ದರಿಂದ ಶ್ವಾಸಕೋಶ ಎಷ್ಟು ಸೋತಿದೆ ಎಂಬುದು ತಿಳಿಯುವ ಸಂದರ್ಭವೇ ಬರುವುದಿಲ್ಲ. ಏದುಸಿರು ಬರುವ ಮೊದಲೇ ಕಾಲು ನಿಂತುಬಿಡುತ್ತದೆ. ಸುಸ್ತಿಗೆ ರಕ್ತಹೀನತೆ ಕಾರಣವೆಂದರು, ಕೆಮ್ಮಿಗೆ ಮೊದಲು ಅಲರ್ಜಿ, ಆಮೇಲೆ ಅಸಿಡಿಟಿ. ಕೀಲಿನ ವೈದ್ಯರು ಬೆರಳ ಗೆಣ್ಣುಗಳನ್ನು ಒತ್ತಿ ನೋಡುತ್ತಿದ್ದರು, ಕೆಮ್ಮಿಗೆ ಔಷಧಿ ಕೊಟ್ಟವರು ಗಂಟಲು ನೋಡುತ್ತಿದ್ದರು. ಕೊನೆಗೆ ಬೇರಾವುದೋ ಕಾರಣಕ್ಕೆ ಪರೀಕ್ಷಿಸಿದ ವೈದ್ಯೆಯೊಬ್ಬರು ಬೆನ್ನಿನ ತಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟು, ದೀರ್ಘವಾಗಿ ಉಸಿರೆಳೆಯಲು ಹೇಳಿ, ಅದೇ ಜಾಗದಲ್ಲಿ ಮತ್ತೊಮ್ಮೆ ಕಿವಿಗೊಟ್ಟರು. ವೆಲ್ಕ್ರೋ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದಂಥ ಚರಚರ ಸದ್ದು ಅವರಿಗೆ ಕೇಳಿಸಿತ್ತು.

ಈ ತೊಂದರೆಗೆ ಇಂಟರ್‌ಸ್ಟಿಷಿಯಲ್ ಶ್ವಾಸಕೋಶ ಕಾಯಿಲೆ, ಚಿಕ್ಕದಾಗಿ ಐಎಲ್‌ಡಿ, ಎನ್ನುತ್ತಾರೆ. ಗಾಳಿಗೂಡುಗಳ ನಡುವಿನ ತೆಳುವಾದ ಗೋಡೆ ಉರಿಯೂತದಿಂದ ದಪ್ಪಗಾಗಿ, ಕ್ರಮೇಣ ಕಲೆಗಟ್ಟಿ ಗಡುಸಾಗುತ್ತದೆ. ಸಂಧಿವಾತಕ್ಕೂ ಶ್ವಾಸಕೋಶಕ್ಕೂ ಇರುವ ಈ ನಂಟನ್ನು ವೈದ್ಯರು 1948ರಷ್ಟು ಹಿಂದೆಯೇ ವರದಿ ಮಾಡಿದ್ದರು. ಈ ರೋಗಿಗಳಲ್ಲಿ ಸುಮಾರು 100ಕ್ಕೆ 10 ಮಂದಿಗೆ ಲಕ್ಷಣ ಕಾಣಿಸುವಷ್ಟು ಐಎಲ್‌ಡಿ ಬರುತ್ತದೆ. ವಯಸ್ಸಾದವರು, ಗಂಡಸರು, ಧೂಮಪಾನ ಮಾಡಿದವರು, ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಅಥವಾ ಆ್ಯಂಟಿ ಸಿಸಿಪಿ (ಈ ಸಂಧಿವಾತವನ್ನು ಗುರುತಿಸಲು ರಕ್ತಪರೀಕ್ಷೆಯಲ್ಲಿ ನೋಡುವ ಪ್ರತಿಕಾಯಗಳು) ಹೆಚ್ಚಿರುವವರು ಇವರಿಗೆ ಅಪಾಯ ಹೆಚ್ಚು. ಕೆಲವರಲ್ಲಿ ಕೀಲು ಊದುವುದಕ್ಕೆ ಮೊದಲೇ ಶ್ವಾಸಕೋಶ ಕೆಟ್ಟಿರುತ್ತದೆ.

ಎಕ್ಸ್‌ರೇ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮನ್ನು ನಿಶ್ಚಿಂತರನ್ನಾಗಿಸಿರುವುದು ಅದೇ. ಆರಂಭದ ಐಎಲ್‌ಡಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಅಮೆರಿಕದ ರುಮಟಾಲಜಿ ಮತ್ತು ಎದೆರೋಗ ತಜ್ಞರ ಸಂಘಗಳು 2023ರಲ್ಲಿ ಹೊರತಂದ ಮಾರ್ಗಸೂಚಿ, ಅಪಾಯ ಹೆಚ್ಚಿರುವವರ ತಪಾಸಣೆಗೆ ಎಕ್ಸ್‌ರೇ ಬೇಡವೆಂದು, ಎಚ್‌ಆರ್‌ಸಿಟಿ ಸ್ಕ್ಯಾನ್ (ಶ್ವಾಸಕೋಶವನ್ನು ತೆಳು ಪದರಗಳಾಗಿ ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್) ಮತ್ತು ಶ್ವಾಸಕೋಶದ ಕಾರ್ಯಪರೀಕ್ಷೆ ಮಾಡಿಸಬೇಕೆಂದು ಸಲಹೆ ಕೊಡುತ್ತದೆ. ಕಾರ್ಯಪರೀಕ್ಷೆಯೆಂದರೆ ಬರೀ ಊದಿಸಿ ನೋಡುವ ಸ್ಪೈರೊಮೆಟ್ರಿಗೆ ನಿಲ್ಲಬೇಡಿ, ಡಿಎಲ್‌ಸಿಒ ಕೂಡ ಇರಲಿ. ಗಾಳಿಯಿಂದ ರಕ್ತಕ್ಕೆ ಅನಿಲ ಎಷ್ಟು ಸರಾಗವಾಗಿ ದಾಟುತ್ತಿದೆ ಎಂಬುದನ್ನು ಅಳೆಯುವ ಆ ಅಂಕಿ, ಸ್ಪೈರೊಮೆಟ್ರಿ ಇನ್ನೂ ಸರಿಯಿರುವಾಗಲೇ ಇಳಿದಿರಬಹುದು. ನನ್ನ ವಿಷಯದಲ್ಲಿ ಹಾಗೆಯೇ ಆಗಿತ್ತು.

ತಡವಾದರೆ ನಷ್ಟವೇನೆಂದರೆ, ಕಲೆಗಟ್ಟಿದ ಭಾಗ ಮೊದಲಿನಂತಾಗುವುದಿಲ್ಲ. ಕಲೆ ಹೆಚ್ಚುತ್ತಲೇ ಹೋಗುವ ಬಗೆಯ ಐಎಲ್‌ಡಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನಿಂಟೆಡಾನಿಬ್ ಎಂಬ ಔಷಧಿ ಕೂಡ ಕುಸಿತದ ವೇಗವನ್ನು ತಗ್ಗಿಸುತ್ತದೆಯೇ ಹೊರತು ಕಳೆದುಕೊಂಡದ್ದನ್ನು ಮರಳಿ ಕೊಡುವುದಿಲ್ಲ.

ತಾಯಿಯವರು ಸಂಧಿವಾತಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕೆಮ್ಮು ಅದರಿಂದಲೇ ಎಂದುಕೊಂಡು ನೀವಾಗಿಯೇ ನಿಲ್ಲಿಸಬೇಡಿ. ಆ ಮಾತ್ರೆಯಿಂದ ಶ್ವಾಸಕೋಶಕ್ಕೆ ಹಠಾತ್ತಾಗಿ ಉರಿಯೂತ ಬರುವುದುಂಟು, ಆದರೆ ಅಪರೂಪ, ಅದೂ ಹೆಚ್ಚಾಗಿ ಮೊದಲ ವರ್ಷದಲ್ಲಿ. ನಿಧಾನವಾಗಿ ಬೆಳೆಯುವ ಐಎಲ್‌ಡಿಗೆ ಅದು ಕಾರಣವೆಂದು ಈಚಿನ ಅಧ್ಯಯನಗಳು ತೋರಿಸಿಲ್ಲ. ಮುಂದುವರಿಸಬೇಕೋ ಬೇಡವೋ ಎಂಬುದನ್ನು ಸ್ಕ್ಯಾನ್ ನೋಡಿದ ಮೇಲೆ ಕೀಲಿನ ವೈದ್ಯರೂ ಶ್ವಾಸಕೋಶದ ವೈದ್ಯರೂ ಮಾತಾಡಿಕೊಂಡು ಹೇಳಲಿ. ಜ್ವರದೊಂದಿಗೆ ಉಸಿರಾಟ ಒಂದೆರಡು ದಿನಗಳಲ್ಲೇ ಬಿಗಡಾಯಿಸಿದರೆ ಮಾತ್ರ ಮುಂದಿನ ಭೇಟಿಯವರೆಗೆ ಕಾಯದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.